ಕಣ್ಣು ಮುಚ್ಚಿ ಬೆರಳಿಟ್ಟರೆ ದೇವರ ಚಿತ್ತ ತಿಳಿಯುತ್ತದೆಯೇ?

ಪ್ರಶ್ನೆ: ನಾನು ಉಡುಪಿಯಲ್ಲಿ ನರ್ಸ್. ಕುವೈತಿನಲ್ಲಿ ಕೆಲಸ ಸಿಕ್ಕಿದೆ. ಮನೆಯಲ್ಲಿ ಅಮ್ಮ ಒಬ್ಬರೇ. ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಸ್ವದೇಶ ಬಿಟ್ಟು ಹೊರಡು ಎಂದು ಅಬ್ರಾಮನಿಗೆ ಹೇಳಿದ ಮಾತು ಬಂತು. ಮರುದಿನ, ಐಗುಪ್ತಕ್ಕೆ ಹೋಗಬೇಡ ಎಂದು ಇಸಾಕನಿಗೆ ಹೇಳಿದ್ದು ಬಂತು. ಯಾವುದನ್ನು ನಂಬಲಿ?
– ಹೆಸರು ಬೇಡ, ಉಡುಪಿ

ಉತ್ತರ: ಎರಡನ್ನೂ ನಂಬಿ ಸಹೋದರಿ. ಆದರೆ ಎರಡೂ ನಿಮ್ಮ ವಿಳಾಸಕ್ಕೆ ಬಂದ ಕಾಗದವಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 12ನೇ ಅಧ್ಯಾಯದಲ್ಲಿ ಅಪ್ಪ ಅಬ್ರಾಮನಿಗೆ ಹೊರಡು ಎಂದ ದೇವರೇ 26ರಲ್ಲಿ, ಅದೂ ಬರಗಾಲದಲ್ಲಿ, ಮಗ ಇಸಾಕನಿಗೆ ಇಲ್ಲೇ ಇರು ಎಂದರು.

ಬಲ್ಮಠದ ನನ್ನ ಸಂಡೇ ಸ್ಕೂಲ್ ಮಕ್ಕಳೂ ಪರೀಕ್ಷೆಗೆ ಮುಂಚೆ ಹೀಗೇ ಬೆರಳಿಡುತ್ತಾರೆ. ನಾನು ಬೈಯುವುದಿಲ್ಲ. ದೊಡ್ಡವರೂ ಹೊಸ ವರ್ಷಕ್ಕೆ ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತೇವೆ, ಅಲ್ವಾ? ಧೈರ್ಯಕ್ಕೆ ಅದು ಸಾಕು. ಕುವೈತಿಗೆ ಹೋಗುವ ತೀರ್ಮಾನಕ್ಕೆ ಸಾಲದು.

ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ, ನಿಜ. ಆದರೆ ಮೊದಲು ಯಾರು ತಕ್ಕವರು ಎಂದು ಯೋಚಿಸಿ ಇಬ್ಬರನ್ನು ನಿಲ್ಲಿಸಿದ್ದರು. ಪವಿತ್ರಾತ್ಮ ಇಳಿದು ಬಂದ ಮೇಲೆ ಈ ಕತೆ ಹೇಳುವ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಚೀಟಿಯ ಸುದ್ದಿಯೇ ಇಲ್ಲ. ಅದರ 15ನೇ ಅಧ್ಯಾಯದಲ್ಲಿ ಅಪೊಸ್ತಲರೂ ಹಿರಿಯರೂ ಯೆರೂಸಲೇಮಿನಲ್ಲಿ ಸಭೆ ಸೇರಿ, ಜೋರಾಗಿ ವಾದ ಮಾಡಿ, ಆಮೇಲೆ ಪವಿತ್ರಾತ್ಮನಿಗೂ ನಮಗೂ ಇದೇ ಸರಿ ಕಂಡಿತು ಎಂದು ಬರೆದು ಕಳಿಸಿದರು.

ನಮ್ಮ ಕೆಥೋಲಿಕ್ ನೆರೆಯವರಿಂದಲೂ ಒಂದು ವಿಷಯ ಕಲಿಯಬಹುದು. 1880ರಲ್ಲಿ ಮಂಗಳೂರಿನಲ್ಲಿ ಅಲೋಶಿಯಸ್ ಕಾಲೇಜು ಶುರು ಮಾಡಿದ ಜೆಸ್ವಿಟರೆಂಬ ಕೆಥೋಲಿಕ್ ಗುರುಗಳ ಸಂಘದ ಮೂಲಗುರು ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ಮಲಗಿದ್ದರು. ಯುದ್ಧದ ಹೆಸರು, ಕೀರ್ತಿ ಅಂತ ಕನಸು ಕಂಡರೆ ಆ ಹೊತ್ತಿಗೆ ಖುಷಿ, ಆಮೇಲೆ ಬೇಜಾರು. ಸಂತರ ಹಾಗೆ ಬದುಕುವುದನ್ನು ನೆನೆದರೆ ಖುಷಿ ಆಮೇಲೂ ಇರುತ್ತಿತ್ತು. ನೀವೂ ಕೆಲವು ದಿನ ‘ಹೋಗುತ್ತೇನೆ’ ಅಂದುಕೊಂಡು ಪ್ರಾರ್ಥಿಸಿ, ಕೆಲವು ದಿನ ‘ಇರುತ್ತೇನೆ’ ಅಂತ. ಎದ್ದ ಮೇಲೆ ಮನಸ್ಸು ಹೇಗಿರುತ್ತದೆ ನೋಡಿ. ಮನಸ್ಸು ಕುಗ್ಗಿದಾಗ ಮೊದಲಿನ ತೀರ್ಮಾನ ಬದಲಾಯಿಸಬೇಡಿ ಎಂಬುದೂ ಅವರದೇ ಸಲಹೆ.

ಸುಮ್ನೆ ‘ನಿನ್ನ ಚಿತ್ತದಂತೆ ಆಗಲಿ’ ಅಂದು ಎದ್ದುಬಿಡಬೇಡಿ. ಶಿಲುಬೆಗೇರುವ ಮುನ್ನ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಕೂಡ ಮೊದಲು ತನಗೇನು ಬೇಕೆಂದು ಬಾಯಿಬಿಟ್ಟು ಕೇಳಿದರು. ಸಂಬಳದ ಆಸೆ ಇದ್ದರೆ ಅದನ್ನೂ ಹೇಳಿ, ದೇವರಿಗೆ ಗೊತ್ತಿಲ್ಲದ್ದೇನಲ್ಲ. ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆದವನೇ ಎಂದು ವಿಚಾರಿಸುವುದನ್ನೂ ಮರೆಯಬೇಡಿ.

ಇನ್ನೊಂದು. ನಿಮ್ಮ ಪತ್ರದಲ್ಲಿ ಅಬ್ರಾಮ ಇದ್ದಾನೆ, ಇಸಾಕ ಇದ್ದಾನೆ. ಅಮ್ಮ ಏನು ಹೇಳಿದರು ಅಂತ ಮಾತ್ರ ಇಲ್ಲ. ಅವರನ್ನು ಕೇಳಿದ್ದೀರಾ?