ಗಂಡ ಸತ್ತವರ ಬಳೆ ಒಡೆಯುವುದನ್ನು ನಿಲ್ಲಿಸಲು ಊರಲ್ಲಿ ಸಂವಾದ ಕಾರ್ಯಕ್ರಮ ಇಡಬೇಕು, ಹೇಗೆ ನಡೆಸುವುದು?

ಇಡಬೇಡಿ.

ಅಥಣಿ ಕಡೆಯ ನಿಮ್ಮ ಊರಿನಲ್ಲಿ ಬಳೆ ಒಡೆಯುವುದು, ಕುಂಕುಮ ಅಳಿಸುವುದು ನಿಲ್ಲಬೇಕು, ಅದಕ್ಕೆ ಪರ-ವಿರೋಧ ಎರಡೂ ಕಡೆಯವರನ್ನು ಒಂದೇ ವೇದಿಕೆಗೆ ಕರೆಯುತ್ತೇವೆ ಅಂತ ಬರೆದಿದ್ದೀರಿ. ಓದಿ ಸ್ವಲ್ಪ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ನಾವು ಮಾಡಿದ್ದೂ ಇದನ್ನೇ.

ನನ್ನದು ರಾಯಬಾಗ ತಾಲ್ಲೂಕು. ರಾಜ್ಯದ ಗಡಿ ದಾಟಿದರೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಅಲ್ಲಿನ ಹೇರವಾಡ ಅನ್ನೋ ಊರಿನವರು 2022ರ ಮೇನಲ್ಲಿ ಗ್ರಾಮಸಭೆಯಲ್ಲಿ ಠರಾವು ಮಾಡಿದರು. ಗಂಡ ಸತ್ತಾಗ ಬಳೆ ಒಡೆಯಬಾರದು, ತಾಳಿ ತೆಗೆಯಬಾರದು, ಕುಂಕುಮ ಅಳಿಸಬಾರದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯ್ತಿಗಳಿಗೂ ಹೀಗೇ ಮಾಡಿ ಅಂತ ಸುತ್ತೋಲೆ ಕಳಿಸಿತು. ನಮ್ಮ ಬೀಗರು, ನೆಂಟರು ಆ ಕಡೆಯೂ ಇದ್ದಾರೆ. ಸುದ್ದಿ ವಾಟ್ಸಾಪ್‌ನಲ್ಲಿ ಬಂದಿದ್ದೇ ತಡ, ನಮ್ಮ ಯುವಕ ಸಂಘಕ್ಕೆ ಹುರುಪು ಬಂತು. "ಆ ಕಡೆಯವರು ಮಾಡ್ಯಾರ, ಬಸವಣ್ಣನ ನಾಡಿನವರು ನಾವು ಸುಮ್ಮ ಕೂಡೂದಾ?" ಅಂತ.

ಮರುವರ್ಷ ಬಸವ ಜಯಂತಿಗೆ ಗುಡಿ ಮುಂದೆ ಪೆಂಡಾಲ್ ಹಾಕಿದೆವು. ಮೈಕು, ಫ್ಲೆಕ್ಸು, ಶಾಲು, ಹಾರ ಎಲ್ಲಾ ಇತ್ತು. ಒಬ್ಬ ನಿವೃತ್ತ ಮಾಸ್ತರರು ಅನುಭವ ಮಂಟಪದ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಸಂವಾದ. ವಿರೋಧ ಹೇಳೋಕೆ ಯಾರಾದರೂ ಬೇಕಲ್ವಾ ಅಂತ ಊರಿನ ಒಬ್ಬ ಹಿರಿಯರನ್ನು ನಾವೇ ಮನೆಗೆ ಹೋಗಿ ಕರೆದು ತಂದಿದ್ದೆವು. ಅವರು ಎದ್ದು ಒಂದೇ ಮಾತು ಕೇಳಿದರು: "ನಮ್ಮ ಹೆಣ್ಣುಮಕ್ಕಳಿಗೇ ಬ್ಯಾಡ ಅಂದ್ರ ನೀವ್ಯಾರು?"

ಮೈಕು ನನ್ನ ಕೈಯಲ್ಲಿತ್ತು. ಹೆಂಗಸರು ಕೂತಿದ್ದ ಕಡೆ ಇಳಿದು ಹೋದೆ. ಮುಂದಿನ ಸಾಲಿನಲ್ಲಿ ನಮ್ಮ ಕಾಕು ಇದ್ದಳು. ನಮ್ಮ ಕಾಕಾ ತೀರಿಕೊಂಡು ಆಗಲೇ ಎಷ್ಟೋ ವರ್ಷ ಆಗಿತ್ತು. ಮೈಕು ಅವಳ ಬಾಯಿ ಹತ್ತಿರ ಹಿಡಿದು ಕೇಳಿದೆ, "ಕಾಕೂ, ನೀನ ಹೇಳು. ನಿನಗ ಕುಂಕುಮ ಹಚ್ಕೋಬೇಕು ಅನಸ್ತೈತೋ ಇಲ್ಲೋ?"

"ನನಗ್ಯಾಕಪ್ಪ ಅದು. ನನಗೇನೂ ಬ್ಯಾಡ."

ಚಪ್ಪಾಳೆ ಬಿತ್ತು. ಹಿರಿಯರು ಶಾಲು ಸರಿ ಮಾಡಿಕೊಂಡು ಕೂತರು. ಕಾರ್ಯಕ್ರಮ ಅಲ್ಲಿಗೆ ಮುಗಿಯಿತು, ಊಟಕ್ಕೆ ಎದ್ದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಬರೆದ ಕಾರ್ಯಕ್ರಮದ ಪಟ್ಟಿಯಲ್ಲಿ "ವಿಧವೆಯರಿಂದಲೇ ಅನಿಸಿಕೆ" ಅಂತ ಒಂದು ಸಾಲಿದೆ. ನೀವೂ ಅದೇ ಗುಂಡಿಗೆ ಬೀಳುತ್ತೀರಿ.

ಅವತ್ತು ಕಾಕು ಯಾರ ಎದುರು ಕೂತಿದ್ದಳು ನೋಡಿ. ಒಂದು ಕಡೆ ಭಾವಂದಿರು, ಅಂದರೆ ನಮ್ಮಪ್ಪ, ದೊಡ್ಡಪ್ಪ. ಅವಳ ಮಗನಿಗೆ ಆಗ ಹೆಣ್ಣು ನೋಡುತ್ತಿದ್ದೆವು, ಹೆಣ್ಣಿನ ಕಡೆಯ ನೆಂಟರೂ ಪೆಂಡಾಲಿನಲ್ಲಿದ್ದರು. ಗಂಡ ಸತ್ತವಳು ನಾಲ್ಕು ಜನರ ಮುಂದೆ "ನನಗೆ ಕುಂಕುಮ ಬೇಕು" ಅಂದರೆ ಊರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತದೆ? ಈಕೆಗೆ ಇನ್ನೊಂದು ಗಂಡ ಬೇಕಂತೆ ಅಂತ. ಮಗನ ಸಂಬಂಧವೇ ತಪ್ಪಿ ಹೋಗಬಹುದಿತ್ತು. ಸಾಲದ್ದಕ್ಕೆ, ಕಾಕಾ ಹೋದ ದಿನ ಅವಳ ಬಳೆ ಒಡೆದ ನೆಗೆಣ್ಣಿ ಅವಳ ಬೆನ್ನ ಹಿಂದೆಯೇ ಕೂತಿದ್ದಳು. ಕಾಕು "ನನಗೆ ನೋವಾಯ್ತು" ಅಂದಿದ್ದರೂ ಅದು ಆ ನೆಗೆಣ್ಣಿಯ ಮೇಲೆ ದೂರು ಹೇಳಿದ ಹಾಗೆ ಆಗುತ್ತಿತ್ತು. ಇಷ್ಟೆಲ್ಲಾ ಕಟ್ಟಿಹಾಕಿ ನಾನು ಕೇಳಿದ್ದು ಹೌದೋ ಅಲ್ಲವೋ ಅನ್ನೋ ಪ್ರಶ್ನೆ. ಅವಳಿಗೆ ಬೇರೆ ಉತ್ತರವೇ ಇರಲಿಲ್ಲ.

ಆ ಒಂದು ಉತ್ತರ ಅಲ್ಲಿಗೇ ನಿಲ್ಲಲಿಲ್ಲ ಅನ್ನೋದು ಇನ್ನೂ ಕೆಟ್ಟದ್ದು. ಮಗನ ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಒಂದಿಬ್ಬರು ಹೆಂಗಸರು ತಾವಾಗಿಯೇ "ನೀನೂ ಬಾ" ಅಂತ ಅವಳ ಕೈ ಹಿಡಿದು ಎಳೆದರು. "ಮೈಕಿನ್ಯಾಗ ಬ್ಯಾಡ ಅಂದೀನಿ, ಈಗ ಹೆಂಗ ಬರಲಿ" ಅಂತ ಅವಳೇ ಹಿಂದೆ ಸರಿದಳು. ಹೆತ್ತ ಮಗನಿಗೆ ಅರಿಷಿಣ ಹಚ್ಚಲಿಲ್ಲ. ಮುಂದೆ ಊರಲ್ಲಿ ಯಾರೇ ಸತ್ತಾಗಲೂ "ಅವರಿಗೇ ಬ್ಯಾಡಂತ, ಮೈಕಿನ್ಯಾಗ ಹೇಳ್ಯಾರಲ್ಲ" ಅನ್ನೋದೇ ಮಾತಾಯಿತು. ನನ್ನ ಜೊತೆ ಕಾಕು ಬಹಳ ದಿನ ಮಾತು ಬಿಟ್ಟಿದ್ದಳು.

ಇನ್ನು ಆ ಹಿರಿಯರು. ನಾವು ಕರೆಯುವ ಮುಂಚೆ ಅವರಿಗೆ ಈ ವಿಷಯದಲ್ಲಿ ಅಂಥ ಅಭಿಪ್ರಾಯವೇನೂ ಇರಲಿಲ್ಲ, ಸತ್ಯ ಹೇಳ್ತೀನಿ. ವೇದಿಕೆ ಮೇಲೆ ಕೂರಿಸಿ ವಿರೋಧ ಮಾಡಿ ಅಂದೆವು, ಮಾಡಿದರು. ಅವತ್ತಿನಿಂದ ಅದು ಅವರ ಮಾನದ ಪ್ರಶ್ನೆ ಆಯಿತು. ಆದ್ದರಿಂದ "ಎರಡೂ ಕಡೆಯವರು" ಅನ್ನೋ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಇಲ್ಲದ ಕಡೆಯನ್ನು ನೀವೇ ಹುಟ್ಟುಹಾಕುತ್ತೀರಿ.

ಬಳೆ ಒಡೆಯುವವರು ಯಾರು ಹೇಳಿ? ನಮ್ಮ ಕಡೆ ಗಂಡಸರು ಆ ಹೊತ್ತಿಗೆ ಹತ್ತಿರ ಸುಳಿಯುವುದಿಲ್ಲ. ಮಣ್ಣಿಗೆ ಒಯ್ಯುವ ತಯಾರಿಯಲ್ಲಿ ಹೊರಗಿರುತ್ತಾರೆ. ಒಳಗೆ ಒಡೆಯುವವರು ವಯಸ್ಸಾದ ಹೆಂಗಸರು. ಅವರಲ್ಲೂ ಜಾಸ್ತಿ ಗಂಡ ಸತ್ತವರೇ. ನಾವು ಮಾಸ್ತರರನ್ನು ಕೇಳಿದೆವು, ಹಿರಿಯರನ್ನು ಕೇಳಿದೆವು, ಆ ಆಯಿಗಳನ್ನು ಮಾತ್ರ ಕೇಳಿರಲಿಲ್ಲ.

ಕೇಳಿದ್ದು ನನ್ನ ಹೆಂಡತಿ. ಅವಳು ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. 2000-01ರಲ್ಲಿ ಸರ್ಕಾರ ಶುರು ಮಾಡಿದ ಆ ಯೋಜನೆಯ ಗುಂಪುಗಳು ನಿಮ್ಮ ಊರಲ್ಲೂ ಇದ್ದೇ ಇರುತ್ತವೆ. ವಾರಕ್ಕೊಮ್ಮೆ ಉಳಿತಾಯದ ದುಡ್ಡು ಎಣಿಸಿ, ಸಾಲದ ಲೆಕ್ಕ ಬರೆದ ಮೇಲೆ ಹೆಂಗಸರು ಒಂದಿಷ್ಟು ಹೊತ್ತು ಸುಮ್ನೆ ಮಾತಾಡುತ್ತಾ ಕೂರುತ್ತಾರೆ. ಪದ್ಧತಿ ಸರಿಯೋ ತಪ್ಪೋ ಅಂತ ಅವಳು ಕೇಳಲಿಲ್ಲ. "ಆಯಿ, ನಿನ್ನ ಬಳೆ ಯಾರು ಒಡದಿದ್ರು?" ಅಂತ ಕೇಳಿದಳು, ಅಷ್ಟೇ. ಒಬ್ಬಳು ಶುರು ಮಾಡಿದಳು. ಇನ್ನೊಬ್ಬಳು ಮಣಿಕಟ್ಟಿನ ಮೇಲಿನ ಗಾಜಿನ ಗಾಯದ ಕಲೆ ತೋರಿಸಿದಳು. ಊರಲ್ಲಿ ಎಷ್ಟೋ ಜನರ ಬಳೆ ಒಡೆದಿದ್ದ ಒಬ್ಬ ಆಯಿ, "ಪ್ರತಿ ಸಲ ಕೈ ನಡಗ್ತಾವ, ನಾ ಹೋಗ್ಲಿಲ್ಲ ಅಂದ್ರ ಮತ್ಯಾರು ಹೋಗ್ತಾರ" ಅಂದಳಂತೆ. ಆಕೆಗೇ ಆ ಕೆಲಸದಿಂದ ಬಿಡುಗಡೆ ಬೇಕಾಗಿತ್ತು! ಇದೆಲ್ಲಾ ನಾನು ಹೆಂಡತಿಯ ಬಾಯಲ್ಲಿ ಕೇಳಿದ್ದು. ಗಂಡಸರಿಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು.

ಹಾಗೆ ಮಾತಾಡ್ತಾ ಮಾತಾಡ್ತಾ ನಮ್ಮ ತಲೆಗೆ ಹೊಳೆದೇ ಇರದ ಒಂದು ಭಯ ಹೊರಬಂತು. ಕುಂಕುಮ ಹಚ್ಚಿಕೊಂಡರೆ, ಬಳೆ ಇಟ್ಟುಕೊಂಡರೆ ಯಾರಾದರೂ ಅರ್ಜಿ ಹಾಕಿ ವಿಧವಾ ಪಗಾರ ನಿಲ್ಲಿಸುತ್ತಾರೆ ಅಂತ. ಮರುಮದುವೆ ಆದರೆ ಆ ವೇತನ ನಿಲ್ಲುತ್ತದೆ, ನಿಜ. ಕುಂಕುಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಾಡಕಚೇರಿಯಲ್ಲಿ ವಿಚಾರಿಸಿ ಬಂದು ಇದನ್ನು ಹೇಳಿದ ಮೇಲೆ ಎಷ್ಟೋ ಜನ ನಿರಾಳವಾದರು. ನಮ್ಮ ಒಂದು ದಿನದ ಭಾಷಣಗಳೆಲ್ಲಾ ಸೇರಿ ಅಷ್ಟು ಕೆಲಸ ಮಾಡಿರಲಿಲ್ಲ. ನೀವು ಮೊದಲು ಮಾಡಬೇಕಾದ ಕೆಲಸವೂ ಇದೇ.

ಚೆನ್ನಮ್ಮನನ್ನು ನೆನಪಿಸಿದ್ದೂ ಅಲ್ಲಿನ ಒಬ್ಬ ಆಯಿಯೇ. ಕಿತ್ತೂರಿನ ಮಲ್ಲಸರ್ಜ ದೊರೆ ತೀರಿಕೊಂಡಿದ್ದು 1816ರಲ್ಲಿ. ಚೆನ್ನಮ್ಮ ಇಂಗ್ಲಿಷರ ಜೊತೆ ಕಾದಿದ್ದು 1824ರ ಅಕ್ಟೋಬರಿನಲ್ಲಿ. "ಗಂಡ ಸತ್ತಾಕಿನ ಅಲ್ಲೇನು ಆಕಿ? ಕುದರಿ ಹತ್ತುವಾಗ ಯಾರರೆ ಅಪಶಕುನ ಅಂದ್ರೇನು?" ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, ಚೆನ್ನಮ್ಮನ ಮೂರ್ತಿ ನೋಡುತ್ತಾ ಬೆಳೆದ ನಮಗೆ ಯಾರಿಗೂ ವೇದಿಕೆ ಮೇಲೆ ಇದು ಹೊಳೆದಿರಲಿಲ್ಲ.

ಆಮೇಲೆ ಊರಲ್ಲಿ ಒಂದು ಸಾವಾಯಿತು. ಗಂಡನನ್ನು ಕಳೆದುಕೊಂಡವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಯಿಗಳು ಹೋದರು, ಅವಳ ಪಕ್ಕ ಕೂತು ಅತ್ತರು, ಬಳೆಗೆ ಕೈ ಹಾಕಲಿಲ್ಲ. ಯಾರೂ ಏನೂ ಘೋಷಣೆ ಮಾಡಲಿಲ್ಲ. ಆ ಹಿರಿಯರೂ ಅಲ್ಲೇ ಹೊರಗೆ ಕಟ್ಟೆ ಮೇಲೆ ಇದ್ದರು. ಏನೂ ಅನ್ನಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ ನೋಡಿ.

ಹೇರವಾಡದ ಹಾಗೆ ಠರಾವು ಬೇಡವಾ ಅಂತ ನೀವು ಕೇಳಬಹುದು. ಬೇಕು, ಆದರೆ ಕೊನೆಗೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಲೇಬೇಕು, ಅವಸರವೇನಿಲ್ಲ. ಠರಾವು ಮುರಿದರೆ ಶಿಕ್ಷೆ ಏನೂ ಇರುವುದಿಲ್ಲ. ಒಂದೇ ಉಪಯೋಗ: ಮನೆಯಲ್ಲಿ ಒಡೆಯೋದೋ ಬಿಡೋದೋ ಅಂತ ತೂಗಾಡುವವರು "ಊರಿನ ಠರಾವು ಐತಿ, ನಾವೇನು ಮಾಡೂಣು" ಅಂತ ನೆಂಟರಿಗೆ ಹೇಳಿ ಪಾರಾಗಬಹುದು. ಅದೇನು ಸಣ್ಣ ಉಪಕಾರ ಅಲ್ಲ. ಇನ್ನೊಂದು ಮಾತು, ಹೆಣ ಮನೆಯಲ್ಲಿರುವಾಗ ಸುಧಾರಣೆಯ ವಾದಕ್ಕೆ ಹೋಗಬೇಡಿ. ಮಾತಾಡುವುದಿದ್ದರೆ ಎಲ್ಲರೂ ಬದುಕಿರುವಾಗ ಮಾತಾಡಿ. ನಿಮ್ಮ ತಂಡದಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಬೇರೆ ಏನೂ ಮಾಡಬೇಡಿ, ಮೊದಲು ನಿಮ್ಮ ನಿಮ್ಮ ಮನೆಯ ಅವ್ವ, ಅಕ್ಕ, ಹೆಂಡತಿಯ ಹತ್ತಿರ ಕೂತು ಕೇಳಿ.

ನಮ್ಮಲ್ಲೂ ಎಲ್ಲಾ ಸರಿಹೋಗಿದೆ ಅಂತ ತಿಳಿಯಬೇಡಿ. ಬಳೆ ಒಡೆಯುವುದು ಬಹಳಷ್ಟು ಮನೆಗಳಲ್ಲಿ ನಿಂತಿದೆ. ಉಡಿ ತುಂಬುವುದಕ್ಕೆ ಮಾತ್ರ ಇನ್ನೂ ಮುತ್ತೈದೆಯರೇ ಬೇಕು. ಮುಂದಿನ ತಿಂಗಳು ನನ್ನ ತಂಗಿಯ ಕುಬಸ, ಅಂದರೆ ಸೀಮಂತ. ಕಾಕುನೇ ಮೊದಲು ಉಡಿ ತುಂಬಬೇಕು ಅಂತ ತಂಗಿ ಹಟ ಹಿಡಿದಿದ್ದಾಳೆ, ನಮ್ಮವ್ವ ಒಪ್ಪುತ್ತಿಲ್ಲ. ಕಾಕುನ ಕೇಳಿದರೆ "ನೀವು ಅವ್ವ ಮಗಳು ಮೊದಲು ಬಗಿಹರಿಸ್ಕೋರಿ, ಆಮ್ಯಾಲ ನನ್ನ ಕೇಳ್ರಿ" ಅಂತಾಳೆ. ಈ ಸಲ ನಾನು ಬಾಯಿ ಹಾಕಿಲ್ಲ.