ಮಾಡ್ಯೂಲ್ ಕೊಳ್ಳುವ ಮುನ್ನ ಪ್ಯಾಡ್ ತಿರುಗಿಸಿ ನೋಡಿ

ಪ್ರಶ್ನೆ: ನನ್ನ ಬಳಿ ಅಲೆಸಿಸ್ ನೈಟ್ರೊ ಮೆಶ್ ಎಂಬ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಇದೆ. ಪ್ಯಾಡ್‌ಗಳು ಚೆನ್ನಾಗಿವೆ, ಸದ್ದು ಮಾತ್ರ ಸಪ್ಪೆ. ಸೆಕೆಂಡ್ ಹ್ಯಾಂಡ್ ರೋಲ್ಯಾಂಡ್ ಟಿಡಿ-17 ಮಾಡ್ಯೂಲ್ (ಪ್ಯಾಡಿನ ಪೆಟ್ಟನ್ನು ಸದ್ದಾಗಿಸುವ ಪೆಟ್ಟಿಗೆ) ಸಿಗುತ್ತಿದೆ. ಇದೇ ಪ್ಯಾಡ್‌ಗಳಿಗೆ ಹೊಂದುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಡ್ರಮ್ ಪ್ಯಾಡ್‌ಗಳ ಮಟ್ಟಿಗೆ ಹೆಚ್ಚಿನ ತೊಂದರೆಯಿಲ್ಲ. ಒಳಗಿರುವುದು ಪೀಜೊ ಬಿಲ್ಲೆ. ಪೆಟ್ಟು ಬಿದ್ದರೆ ಸಣ್ಣ ವಿದ್ಯುತ್ ಹೊಮ್ಮಿಸುತ್ತದೆ, ಅದನ್ನು ಯಾವ ಮಾಡ್ಯೂಲ್ ಆದರೂ ಓದಬಲ್ಲದು. ತಕರಾರು ಶುರುವಾಗುವುದು ಸಿಂಬಲ್‌ಗಳಲ್ಲಿ, ಕೈಕೊಡುವುದು ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಪೆಡಲ್.

ಸಿಂಬಲ್‌ಗೆ ಮನೆಯಲ್ಲೇ ಪರೀಕ್ಷೆ ಇದೆ. ಪ್ಯಾಡಿಗೆ ಸ್ಟೀರಿಯೊ ಕೇಬಲ್ ಹಾಕಿ, ಅದರ ಇನ್ನೊಂದು ತುದಿಯ ಜ್ಯಾಕ್‌ನ ಎರಡು ಕಪ್ಪು ಗೆರೆಗಳ ನಡುವಿನ ಉಂಗುರಕ್ಕೆ ಮಲ್ಟಿಮೀಟರಿನ ಒಂದು ಕಡ್ಡಿ, ಬುಡಕ್ಕೆ ಇನ್ನೊಂದು ಕಡ್ಡಿ ಇಡಿ. ಮೀಟರ್ ಬೀಪ್ ಸ್ಥಾನದಲ್ಲಿರಲಿ. ಸಿಂಬಲ್ ಅಂಚನ್ನು ಬೆರಳಿನಿಂದ ಒತ್ತಿದಾಗ ಬೀಪ್ ಬಂದರೆ ಅಂಚಿನಲ್ಲಿ ಸ್ವಿಚ್ ಇದೆ. ಸಿಂಬಲ್ ಹಿಡಿದು ಸದ್ದು ನಿಲ್ಲಿಸುವುದು ಟಿಡಿ-17ರಲ್ಲೂ ನಡೆದೀತು. ಮುಂದೆ ಬೆಲ್ (ನಡುವಿನ ಉಬ್ಬು) ಇರುವ ರೈಡ್ ಸಿಂಬಲ್ ಕೊಳ್ಳುವುದಾದರೆ ಎಚ್ಚರ: ರೋಲ್ಯಾಂಡಿನ ಸಿವೈ-15ಆರ್ ಎರಡು ಕೇಬಲ್ ಕೇಳುತ್ತದೆ, ಯಮಹಾದ ಮೂರು ವಲಯದ ಸಿಂಬಲ್ ಒಂದೇ ಕೇಬಲಿನಲ್ಲಿ ಎಲ್ಲವನ್ನೂ ಕಳಿಸುತ್ತದೆ. ಒಂದರ ಮಾಡ್ಯೂಲಿಗೆ ಇನ್ನೊಂದನ್ನು ಹಾಕಿದರೆ ಬೆಲ್ ಮೂಗಿ.

ಪೆಡಲ್ ವಿಷಯದಲ್ಲಿ ಕಂಪನಿಗಳ ನಡುವೆ ಒಮ್ಮತವಿಲ್ಲ. ಬೇರೆ ಕಂಪನಿಯ ಪೆಡಲ್ ಹಾಕಿದರೆ ಪೂರ್ತಿ ತೆರೆದದ್ದು, ಪೂರ್ತಿ ಮುಚ್ಚಿದ್ದು ಇವೆರಡೇ ಸಿಕ್ಕು ಅರ್ಧ ತೆರೆದ ‘ಛ್ಸ್’ ಸಿಗದೆ ಹೋಗಬಹುದು. ಕೆಲವೊಮ್ಮೆ ಉಲ್ಟಾ ಕೆಲಸ ಮಾಡುವುದೂ ಉಂಟು. ಆದ್ದರಿಂದ ರೋಲ್ಯಾಂಡ್ ಪೆಡಲಿನ ದುಡ್ಡನ್ನೂ ಮಾಡ್ಯೂಲಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಮಾರುವವರನ್ನು ಮೊದಲು ಕೇಳಬೇಕಾದದ್ದು ಕೇಬಲ್ ಗೊಂಚಲಿನ ಬಗ್ಗೆ. ಟಿಡಿ-17ಕ್ಕೆ ಬಹುಪಾಲು ಪ್ಯಾಡ್‌ಗಳು ಸೇರುವುದು ಹಳೆಯ ಪ್ರಿಂಟರ್ ಕೇಬಲ್ಲಿನಂಥ 25 ಪಿನ್ನಿನ ಒಂದೇ ತಲೆಯ ಮೂಲಕ. ಬಿಡಿ ಜ್ಯಾಕ್ ಇರುವುದು ಎರಡಕ್ಕೆ ಮಾತ್ರ. ಗೊಂಚಲಿಲ್ಲದ ಮಾಡ್ಯೂಲ್ ಅಗ್ಗಕ್ಕೆ ಸಿಕ್ಕರೂ ಅಗ್ಗವಲ್ಲ. ನೈಟ್ರೊದ ತಲೆಯೂ ಅದೇ ಆಕಾರದ್ದು, ಹಾಗೆಂದು ಪಿನ್ ಜೋಡಣೆಯೂ ಅದೇ ಎಂದು ನಂಬಿ ಚುಚ್ಚಬೇಡಿ. ಅಡಾಪ್ಟರ್ ಕೂಡ ಮೂಲದ್ದೇ ಇರಲಿ: ರೋಲ್ಯಾಂಡಿನದು 9 ವೋಲ್ಟ್, ನಡುವಿನ ತುದಿ ಮೈನಸ್. ವಿದೇಶದಿಂದ ಬಂದದ್ದಾದರೆ ಮೈಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ.

ಜೋಡಿಸಿದ ಮೇಲೆ ಮೊದಲು ಪ್ಯಾಡ್ ಬಗೆ ಆರಿಸಿ, ಆಮೇಲೆ ಸೆನ್ಸಿಟಿವಿಟಿ. ನಿಮ್ಮ ಅತಿ ಜೋರಿನ ಪೆಟ್ಟಿಗೆ ಮಾತ್ರ ಮಾಡ್ಯೂಲ್ ಪರದೆಯ ಮೀಟರ್ ತುಂಬಬೇಕು. ಒಂದೇ ಪೆಟ್ಟಿಗೆ ಎರಡು ಸದ್ದು ಬಂದರೆ ಮಾಸ್ಕ್ ಟೈಮ್ (ಒಂದು ಪೆಟ್ಟಿನ ಬಳಿಕ ಮುಂದಿನದನ್ನು ಕಡೆಗಣಿಸುವ ಅವಧಿ) ಅನ್ನು ಎರಡೆರಡು ಮಿಲಿಸೆಕೆಂಡ್ ಏರಿಸಿ, ನಿಂತ ತಕ್ಷಣ ಬಿಟ್ಟುಬಿಡಿ. ಅತಿಯಾದರೆ ಫ್ಲ್ಯಾಮಿನ (ಒಂದರ ಬೆನ್ನಿಗೇ ಬೀಳುವ ಜೋಡಿ ಪೆಟ್ಟಿನ) ಎರಡನೇ ಪೆಟ್ಟನ್ನೇ ನುಂಗುತ್ತದೆ. ಟಾಮ್ ಡ್ರಮ್ ಹೊಡೆದರೆ ಕ್ರ್ಯಾಷ್ ಸಿಂಬಲ್ ಮೊಳಗುವುದಕ್ಕೆ ಕಾರಣ ಎರಡೂ ಒಂದೇ ಪೈಪಿಗೆ ನೇತಾಡುವುದು. ಮೆನುವಿಗೆ ಹೋಗುವ ಮೊದಲು ಕ್ಲಾಂಪ್ ಬಿಗಿ ಮಾಡಿ.

ಪ್ರಶ್ನೆ: ರಸಮಂಜರಿ ತಂಡದಲ್ಲಿ ನುಡಿಸುತ್ತೇನೆ. ತಮಟೆ, ಡೊಳ್ಳಿನ ನಮ್ಮದೇ ಸದ್ದು ತುಂಬಿಸಬೇಕು. ಯಾವ ಪ್ಯಾಡ್ ಒಳ್ಳೆಯದು?
– ಓದುಗರು, ಹಾಸನ

ಉತ್ತರ: ಆರ್ಕೆಸ್ಟ್ರಾಗಳಲ್ಲಿ ಕಾಣುವ ರೋಲ್ಯಾಂಡಿನ ಎಸ್‌ಪಿಡಿ-20, ಎಸ್‌ಪಿಡಿ-30 ಎರಡೂ ಹೊರಗಿನ ವೇವ್ ಫೈಲ್ (ರೆಕಾರ್ಡ್ ಮಾಡಿದ ಸದ್ದಿನ ಕಡತ) ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಮಗೆ ಬೇಕಾದದ್ದು ಎಸ್‌ಪಿಡಿ-ಎಸ್‌ಎಕ್ಸ್ ಜಾತಿಯದು: 9 ಪ್ಯಾಡ್, ಜೊತೆಗೆ ಹೊರಗಿನ ಕಿಕ್ ಪ್ಯಾಡಿಗೂ ಜಾಗ. ಈಗಾಗಲೇ ಕಿಟ್ ಇದ್ದು ಒಂದೆರಡು ಸದ್ದು ಸಾಕೆಂದರೆ ಟಿಎಂ-2 ಎಂಬ ಪುಟ್ಟ ಪೆಟ್ಟಿಗೆ ಸಾಕು. ಎಸ್‌ಡಿ ಕಾರ್ಡಿನಿಂದ ಓದುತ್ತದೆ.

ಸದ್ದನ್ನು ಎಂಪಿ3ಯಿಂದ ತೆಗೆಯಬೇಡಿ. ಆ ರೂಪಕ್ಕೆ ಹೋಗಿ ಬರುವಾಗ ಮುಂದೆ ಸುಮಾರು 25 ಮಿಲಿಸೆಕೆಂಡ್ ಮೌನ ಅಂಟಿಕೊಳ್ಳಬಹುದು. ಆಗ ಕೋಲು ಬಿದ್ದ ಮೇಲೆ ಡೊಳ್ಳು ಬರುತ್ತದೆ, ಬೈಗುಳ ಡ್ರಮ್ಮರಿಗೆ! 44.1 ಕಿಲೋಹರ್ಟ್ಜ್, 16 ಬಿಟ್ ವೇವ್ ಆಗಿ ರೆಕಾರ್ಡ್ ಮಾಡಿ, ಪೆಟ್ಟು ಶುರುವಾಗುವ ಬಿಂದುವಿಗೇ ಕತ್ತರಿಸಿ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮವಾದರೆ ಸಣ್ಣ ಯುಪಿಎಸ್ ಜೊತೆಗಿರಲಿ. ಕ್ಷಣ ಕರೆಂಟ್ ಕುಸಿದರೂ ಯಂತ್ರ ಆಫ್ ಆಗಿ ಮತ್ತೆ ಎದ್ದೇಳುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತದೆ.

ಪ್ರಶ್ನೆ: ಮಾಡ್ಯೂಲ್ ಬದಲಿಸದೆ ಲ್ಯಾಪ್‌ಟಾಪಿನಿಂದ ಸದ್ದು ಪಡೆಯಬಹುದೇ?
– ಓದುಗರು, ಪುತ್ತೂರು

ಉತ್ತರ: ಬಹುದು, ಮನೆ ಅಭ್ಯಾಸಕ್ಕೆ ನಮ್ಮ ಮೊದಲ ಸಲಹೆಯೂ ಅದೇ. ಯುಎಸ್‌ಬಿ ಕೇಬಲ್, ಈಜಿಡ್ರಮ್ಮರ್ 3ರಂಥ ತಂತ್ರಾಂಶ, ವಿಂಡೋಸ್ ಆದರೆ ಸದ್ದಿನ ತಡ ತಗ್ಗಿಸುವ ಎಎಸ್‌ಐಒ ಡ್ರೈವರ್ ಇರುವ ಆಡಿಯೊ ಇಂಟರ್‌ಫೇಸ್. ಬಫರ್ (ಸದ್ದು ಹೊರಡುವ ಮೊದಲು ಕೂಡಿಡುವ ಸ್ಯಾಂಪಲ್‌ಗಳ ಎಣಿಕೆ) 128ಕ್ಕೆ ಇಡಿ, 44.1 ಕಿಲೋಹರ್ಟ್ಜ್‌ನಲ್ಲಿ ಅದರ ತಡ ಸುಮಾರು 3 ಮಿಲಿಸೆಕೆಂಡ್. 512ಕ್ಕೆ ಹೋದರೆ 11 ದಾಟಿ ಕೈಗೆ ತಿಳಿಯತೊಡಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ತಂತಿಯದೇ ಹಾಕಿಕೊಳ್ಳಿ.