ವಾದ್ಯ ಸಿಕ್ಕಿತು, ರೀಡ್ ಇಲ್ಲ: ಕಾಳ್ಗಿಚ್ಚಿನ ನಂತರ ಒಬ್ಬ ಓಬೋ ವಾದಕಿ

ಕಾಳ್ಗಿಚ್ಚಿನಲ್ಲಿ ಮನೆ ಕಳೆದುಕೊಂಡ ಸಂಗೀತಗಾರರಿಗೆ ನೆರವಾಗುವವರಲ್ಲಿ ಒಂದು ಆತುರ ಮತ್ತೆ ಮತ್ತೆ ಕಾಣುತ್ತದೆ. ಬೇಗ ಒಂದು ವಾದ್ಯ ಕೊಡಿಸಬೇಕು, ಅಷ್ಟೇ ಬೇಗ ವೇದಿಕೆ ಹತ್ತಿಸಬೇಕು. ಉದ್ದೇಶ ಒಳ್ಳೆಯದೇ. ಆದರೂ ಅದರಿಂದ ಕುಗ್ಗಿಹೋಗುವವರಿದ್ದಾರೆ. ಈ ಪ್ರಕರಣ ಅಂಥದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಡುವಯಸ್ಸಿನ ಓಬೋ ವಾದಕಿ. ಓಬೋ ಮರದ ಊದುವಾದ್ಯ; ಅದರ ತುದಿಗೆ ಸಿಕ್ಕಿಸಿ ತುಟಿಗಿಟ್ಟು ಊದುವ ಜೊಂಡಿನ ತುಂಡೇ ರೀಡ್. ವಾದ್ಯವೃಂದದಲ್ಲಿ ನುಡಿಸುತ್ತಿದ್ದರು, ಮನೆಯಲ್ಲಿ ಪಾಠ ಹೇಳುತ್ತಿದ್ದರು. ಬೆಂಕಿ ಹತ್ತಿರ ಬಂದಾಗ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ವಾದ್ಯ ಒಳಗೇ ಉಳಿಯಿತು. ಕೆಲವು ವಾರಗಳಲ್ಲಿ ಸಹೋದ್ಯೋಗಿಗಳು ಹೊಸ ಓಬೋ ಒಂದನ್ನು ಎರವಲು ತಂದುಕೊಟ್ಟು, ಸಂತ್ರಸ್ತರ ಸಹಾಯಾರ್ಥ ಕಾರ್ಯಕ್ರಮದ ಪಟ್ಟಿಯಲ್ಲಿ ಅವರ ಹೆಸರನ್ನೂ ಹಾಕಿಬಿಟ್ಟರು. ಅವರಿಗೆ ಪೆಟ್ಟಿಗೆ ತೆರೆಯಲೂ ಆಗಲಿಲ್ಲ. ‘ಉಪಕಾರ ಸ್ಮರಣೆ ಇಲ್ಲದವಳು ಅಂದುಕೊಳ್ಳುತ್ತಾರೆ’ ಎಂಬ ಸಂಕಟದಲ್ಲಿ ನನ್ನ ಬಳಿ ಸಲಹೆಗೆ ಬಂದರು.

ಒಂದು ಭೇಟಿಗೆ ವಿಮೆಯ ನಮೂನೆ ತಂದಿದ್ದರು. ವಸ್ತು, ಎಷ್ಟು ಹಳೆಯದು, ಬೆಲೆ ಎಂಬ ಕಾಲಂಗಳು. ಓಬೋದ ಸಾಲು ತುಂಬಿತ್ತು, ಅದರ ಕೆಳಗೆ ಖಾಲಿ. ‘ನನ್ನ ರೀಡ್‌ಗಳನ್ನು ಎಲ್ಲಿ ಬರೆಯಲಿ?’ ಎಂದರು. ‘ವಾದ್ಯ ಕೊಟ್ಟೆವು, ನುಡಿಸು ಅನ್ನುತ್ತಾರೆ. ಸುಟ್ಟುಹೋಗಿರುವುದು ನನ್ನ ಬಾಯಿ. ಅದನ್ನು ಒಬ್ಬರೂ ಕೇಳಲಿಲ್ಲ.’

ಓಬೋ ಬಲ್ಲವರಿಗೆ ಈ ಮಾತು ಅತಿಶಯ ಅನ್ನಿಸುವುದಿಲ್ಲ. ಓಬೋದ ರೀಡ್ ಎರಡು ಎಸಳಿನದು, ವೃತ್ತಿಪರರಲ್ಲಿ ಹೆಚ್ಚಿನವರು ತಾವೇ ಮಾಡಿಕೊಳ್ಳುತ್ತಾರೆ. 10–11 ಮಿ.ಮೀ. ವ್ಯಾಸದ ಒಣಗಿದ ಜೊಂಡನ್ನು ಮೂರಾಗಿ ಸೀಳಿ, ಒಳಭಾಗವನ್ನು ನಡುವೆ ಸುಮಾರು 0.6 ಮಿ.ಮೀ. ದಪ್ಪ ಉಳಿಯುವಂತೆ ಕೊರೆದು, ಆಕಾರಕ್ಕೆ ಕತ್ತರಿಸಿ, ನೆನೆಸಿ, ಮಡಿಸಿ, 47 ಮಿ.ಮೀ. ಸ್ಟೇಪಲ್ ಕೊಳವೆಗೆ ದಾರದಿಂದ ಬಿಗಿದು, ಆಮೇಲೆ ಚಾಕುವಿನಿಂದ ಹೆರೆಯುತ್ತಾ ಹೋಗಬೇಕು. ತುದಿಯಲ್ಲಿ ಕೂದಲೆಳೆಯಷ್ಟು ಹೆಚ್ಚು ಹೆರೆದರೆ ರೀಡ್ ಕೆಟ್ಟಿತು. ಇಷ್ಟಾದ ಮೇಲೂ ಅದು ಬಾಳುವುದು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ಇವರ ಚಾಕುಗಳು, ಕೊರೆಯುವ ಯಂತ್ರ, ವರ್ಷಗಳಿಂದ ಅಳತೆ ಬರೆದಿಟ್ಟ ಪುಸ್ತಕ ಎಲ್ಲವೂ ಹೋಗಿದ್ದವು.

ಕೊಟ್ಟ ಸಲಹೆ ಹೀಗಿತ್ತು: ಆ ಕಾರ್ಯಕ್ರಮದಲ್ಲಿ ನುಡಿಸಬೇಡಿ, ಇಲ್ಲವೆಂದು ಹೇಳುವ ಕೆಲಸವನ್ನು ನಂಬಿಕೆಯ ಒಬ್ಬ ಸಹೋದ್ಯೋಗಿಗೆ ಬಿಡಿ. ಓಬೋ ಪೆಟ್ಟಿಗೆಯಲ್ಲೇ ಇರಲಿ, ಮೊದಲು ರೀಡಿನ ಮೇಜು ಸಿದ್ಧವಾಗಲಿ. ಒಂದು ಚಾಕು, ಸ್ಟೇಪಲ್ ಸಿಕ್ಕಿಸಿ ಹಿಡಿಯುವ ಮ್ಯಾಂಡ್ರೆಲ್, ಹೆರೆಯುವಾಗ ಎಸಳುಗಳ ನಡುವೆ ಇಡುವ ತೆಳು ತಗಡು ಪ್ಲಾಕ್, ದಾರ, ಹತ್ತು ಸ್ಟೇಪಲ್, ಮತ್ತು ಕೊರೆದು ಆಕಾರ ಕೊಟ್ಟ ಸಿದ್ಧ ಜೊಂಡು ಸಾಕು. ಕೊರೆಯುವ ಯಂತ್ರ ದುಬಾರಿ, ಅದು ನಿಧಾನವಾಗಿ ಬರಲಿ. ದಿನಕ್ಕೆ ಅರ್ಧ ಗಂಟೆ; ರೀಡನ್ನಷ್ಟೇ ತುಟಿಗಿಟ್ಟು ಊದಿ ನೋಡುವುದು, ರಾಗ ಬೇಡ. ಸಹಾಯ ಮಾಡಲು ಹಾತೊರೆಯುತ್ತಿದ್ದ ಗೆಳೆಯರಿಗೆ ಈ ಪಟ್ಟಿಯನ್ನೇ ಕೊಟ್ಟೆವು.

ಆಮೇಲೆ ವಾದ್ಯ, ದಿನಕ್ಕೆ 10–15 ನಿಮಿಷ ಮಾತ್ರ. ಹೊಸ ಮರದ ಓಬೋವನ್ನು ಮೊದಲ ವಾರಗಳಲ್ಲಿ ಅಷ್ಟೇ ನುಡಿಸಬೇಕು. ಉಸಿರಿನಿಂದ ಒಳಮೈ ಬಿಸಿಯಾಗಿ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಒಣಗಿಯೇ ಇರುತ್ತದೆ. ಆ ಸೆಳೆತಕ್ಕೆ ಮೇಲಿನ ಭಾಗ ಸೀಳು ಬಿಡಬಹುದು. ನುಡಿಸಿದ ತಕ್ಷಣ ಒಳಗೆ ಬಟ್ಟೆ ಎಳೆದು ಒಣಗಿಸಬೇಕು. ಅಳು ಬಂದು ನಿಲ್ಲಿಸುವ ಬದಲು ಮರದ ನಿಯಮಕ್ಕಾಗಿ ನಿಲ್ಲಿಸುವ ಅವಕಾಶ ಅವರಿಗೆ ಇದರಿಂದ ಸಿಕ್ಕಿತು.

‘ನುಡಿಸಿದರೆ ತಾನೇ ನೋವು ಇಳಿಯುವುದು, ನೀವು ವೇದಿಕೆಯಿಂದಲೇ ದೂರ ಇಟ್ಟಿರಿ’ ಎಂದು ಅವರ ತಮ್ಮ ಆಕ್ಷೇಪಿಸಿದರು. ಈ ಸಲಹೆಯನ್ನು ಇಂದಿಗೂ ಸಮರ್ಥಿಸುತ್ತೇನೆ. ವಿಕೋಪದ ಬೆನ್ನಿಗೇ ಸಂತ್ರಸ್ತರನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಸಭೆಯ ಮುಂದೆ ತನ್ನದೇ ನಷ್ಟವನ್ನು ನುಡಿಸು ಎನ್ನುವುದೂ ಹೆಚ್ಚುಕಡಿಮೆ ಅದೇ, ಮಾತಿನ ಬದಲು ಸ್ವರ. ತಾನಾಗಿ ಬಯಸಿದವರ ವಿಷಯ ಬೇರೆ, ಇವರು ಬಯಸಿರಲಿಲ್ಲ.

ವಿಮೆಯ ಪಟ್ಟಿಯನ್ನು ಒಬ್ಬರೇ ಕೂತು ಬರೆಯಬಾರದು. ಇನ್ನೊಬ್ಬರು ಬರೆದುಕೊಳ್ಳಲಿ, ಒಮ್ಮೆಗೆ ಒಂದೇ ಕೋಣೆ, ಅರ್ಧ ಗಂಟೆ. ವಾದ್ಯದ ಕ್ರಮಸಂಖ್ಯೆ ರಿಪೇರಿಯವರ ಹಳೆಯ ಬಿಲ್ಲಿನಲ್ಲಿ ಸಿಗುತ್ತದೆ. ಕಾರ್ಯಕ್ರಮದ ವಿಡಿಯೊ, ಶಿಷ್ಯರ ಫೋನಿನ ಫೋಟೊಗಳೂ ಸಾಕ್ಷಿಯೇ. ರೀಡ್‌ಗಳನ್ನು ‘ಇತರೆ’ಗೆ ಸೇರಿಸದೆ ಉಪಕರಣ, ಜೊಂಡು, ಸ್ಟೇಪಲ್ ಎಂದು ಪ್ರತ್ಯೇಕ ಸಾಲುಗಳಲ್ಲಿ ಬರೆಸಿದೆವು. ಮನೆಯ ವಿಮೆಯಲ್ಲಿ ವೃತ್ತಿಯ ಉಪಕರಣಗಳಿಗೆ ಬೇರೆಯೇ, ಚಿಕ್ಕ ಮಿತಿ ಇರುವುದುಂಟು. ಸವಕಳಿ ಕಳೆದು ಕೊಡುತ್ತಾರೋ ಹೊಸದರ ಬೆಲೆ ಕೊಡುತ್ತಾರೋ ಎಂಬುದನ್ನು ಓದಿ ತಿಳಿಯದೆ ಅಂತಿಮ ಇತ್ಯರ್ಥಕ್ಕೆ ಸಹಿ ಹಾಕಬಾರದು.

ಟಿಪ್ಪಣಿ ಮಾಡಿಕೊಂಡ ಸ್ವರಲಿಪಿಗೆ ಬೆಲೆ ಕಟ್ಟಲಾಗದು. ಲಾಸ್ ಏಂಜಲೀಸಿನ 2025ರ ಜನವರಿಯ ಬೆಂಕಿಯಲ್ಲಿ ಸಂಗೀತ ರಚನಕಾರ ಅರ್ನಾಲ್ಡ್ ಶೋನ್‌ಬರ್ಗ್ ಕೃತಿಗಳ ಪ್ರಕಾಶನದ ಸುಮಾರು ಒಂದು ಲಕ್ಷ ಸ್ವರಲಿಪಿ ಪ್ರತಿಗಳು ಸುಟ್ಟವು. ಮೂಲ ಹಸ್ತಪ್ರತಿಗಳು ವಿಯೆನ್ನಾದಲ್ಲಿದ್ದುದರಿಂದ ಉಳಿದವು. ಈ ವಾದಕಿಯ ಗುರುತುಗಳಲ್ಲಿ ಒಂದಷ್ಟು ಶಿಷ್ಯರ ಜೆರಾಕ್ಸ್ ಪ್ರತಿಗಳಲ್ಲಿ ಸಿಕ್ಕವು.

ವಾದ್ಯ ಉಳಿದು ಹೊಗೆ ಮಾತ್ರ ತಾಗಿದ್ದರೆ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ತೇವ ತಾಗಿದ ಮಸಿ ಲೋಹವನ್ನು ತಿನ್ನುತ್ತದೆ, ರಂಧ್ರ ಮುಚ್ಚುವ ಪ್ಯಾಡ್‌ಗಳಿಗೆ ಇಳಿಯುತ್ತದೆ. ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ರಿಪೇರಿಯವರಿಗೆ ಒಪ್ಪಿಸಿ.

ಇವರು ಪಾಠವನ್ನು ಮೊದಲು ಶುರುಮಾಡಿದರು, ವಾದ್ಯವೃಂದದ ತಾಲೀಮಿಗೆ ಬಹಳ ತಡವಾಗಿ ಹೋದರು. ಹೊಗೆಯ ವಾಸನೆಗೆ ಬೆಚ್ಚಿ ಏಳುವುದು ಒಂದು ತಿಂಗಳು ಕಳೆದರೂ ನಿಲ್ಲದ ಕಾರಣ ಆಘಾತ ಚಿಕಿತ್ಸೆಯಲ್ಲಿ ಪರಿಣತರಾದ ಮನೋವೈದ್ಯರ ಬಳಿಗೆ ಕಳುಹಿಸಿದೆ. ಆ ಚಿಕಿತ್ಸೆ ಇನ್ನೂ ನಡೆಯುತ್ತಿದೆ, ರೀಡಿನ ಕೆಲಸವೂ.